ಮನೆವ್ಯಾಪಾರಕ್ಕೆ ಮೊಬೈಲ್ ಮೋಡೆಮ್ ಒಂದೇ ಸಾಕೆ? ಕುದ್ರೋಳಿಯ ವರ್ತಕರು ಯೋಚಿಸಬೇಕಾದ ವಿಚಾರ

ಮಂಗಳೂರಿನ ಹಳೆಯ ವಾಣಿಜ್ಯಕೇಂದ್ರವಾದ ಬಂದರಿನ ನೆರೆಯಲ್ಲಿರುವ ಕುದ್ರೋಳಿಯಂತಹ ಪ್ರದೇಶದಲ್ಲಿ ಮನೆ ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ತೊಡಗಿತು ಎಂಬುದನ್ನು ಗೆರೆ ಎಳೆದು ತೋರಿಸುವುದು ಕಷ್ಟ. ಹಗಲು ಅಂಗಡಿಯಲ್ಲಿ ಕುಳಿತ ವರ್ತಕನ ಲೆಕ್ಕಪತ್ರ ರಾತ್ರಿ ಮನೆಯ ಮೇಜಿನ ಮೇಲೆ ಪೂರ್ಣಗೊಳ್ಳುತ್ತದೆ. ಹಿಂದೆ ಈ ಕೆಲಸಕ್ಕೆ ಕೆಂಪು ಬಟ್ಟೆಯ ರಟ್ಟಿನ ಖಾತೆಪುಸ್ತಕ, ಪೆನ್ನು ಮತ್ತು ಒಂದು ದೀಪ ಸಾಕಾಗಿದ್ದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಬಳಿಕ ಅಂತರ್ಜಾಲವಿಲ್ಲದೆ ವಿವರಪತ್ರವಿಲ್ಲ. 2018ರ ಏಪ್ರಿಲ್ 1ರಿಂದ ಕರ್ನಾಟಕದೊಳಗಿನ ಸಾಗಣೆಗೂ ಇ-ವೇ ಬಿಲ್ ಕಡ್ಡಾಯವಾಯಿತು. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕನ್ನು ಹೇರಿಕೊಂಡ ಲಾರಿ ಅದಿಲ್ಲದೆ ಗೋದಾಮಿನಿಂದ ಹೊರಡುವಂತಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದವರು 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸನ್ನೂ ಪಡೆಯಬೇಕಾಗಿದೆ. ಹೀಗಿರುವಾಗ ಮನೆಯ ಅಂತರ್ಜಾಲ ಸಂಪರ್ಕವನ್ನು ಮಕ್ಕಳ ಮನರಂಜನೆಯ ಬಾಬತ್ತೆಂದು ಭಾವಿಸುವುದು ತಪ್ಪು. ತಕ್ಕಡಿ ಮತ್ತು ತೂಕದ ಬೊಟ್ಟುಗಳಷ್ಟೇ ಅದೂ ವ್ಯಾಪಾರದ ಸಾಧನವಾಗಿದೆ.

ಈ ಸಾಧನವನ್ನು ಒದಗಿಸಿಕೊಳ್ಳುವ ಅತ್ಯಂತ ಸುಲಭ ಮಾರ್ಗವೆಂದರೆ ಒಂದು ಸಿಮ್, ಒಂದು ಮೊಬೈಲ್ ಮೋಡೆಮ್ ಮತ್ತು ಒಂದು ನಿಸ್ತಂತು ರೂಟರ್. ಇತ್ತೀಚೆಗೆ ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ದೊರೆಯುತ್ತವೆ. ತಂತಿ ಎಳೆಯುವವರಿಗಾಗಿ ಕಾಯಬೇಕಿಲ್ಲ, ಗೋಡೆ ಕೊರೆಯಲು ಮನೆಯ ಮಾಲೀಕರ ಒಪ್ಪಿಗೆ ಬೇಡ, ಮನೆ ಬದಲಿಸಿದರೆ ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಇಷ್ಟು ಅನುಕೂಲವಿರುವ ವಸ್ತುವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವ್ಯಾಪಾರವನ್ನು ನಂಬಿದ ಕುಟುಂಬವೊಂದು ಇದೊಂದನ್ನೇ ಆಧಾರವಾಗಿ ಇರಿಸಿಕೊಳ್ಳುವುದು ವಿವೇಕವೆನಿಸದು. ಎರಡನೆಯ ಸಂಪರ್ಕವಾಗಿ ಇದಕ್ಕೆ ಸಾಟಿಯಿಲ್ಲ. ಏಕೈಕ ಸಂಪರ್ಕವಾಗಿ ಇದು ಅಪಾಯಕಾರಿ.

ಹಿನ್ನೆಲೆಯನ್ನು ಸ್ವಲ್ಪ ನೋಡಬಹುದು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. ಇಂದಿನ ಮಾನದಂಡವಾದ 2 ಮೆಗಾಬಿಟ್ ನಿಗದಿಯಾದದ್ದು 2023ರಲ್ಲಿ. 2005ರಲ್ಲಿ ಬಿಎಸ್‌ಎನ್‌ಎಲ್ ತನ್ನ ದೂರವಾಣಿ ತಂತಿಯ ಮೇಲೆಯೇ ಡಾಟಾಒನ್ ಸೇವೆಯನ್ನು ಆರಂಭಿಸಿತು. ಅದೇ ವರ್ಷ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಕೇಂದ್ರ ಸರ್ಕಾರ ಪರವಾನಗಿಯಿಂದ ಮುಕ್ತಗೊಳಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಲಿಲ್ಲ. ಇಂದು ಮನೆಮನೆಯಲ್ಲಿ ವೈ-ಫೈ ರೂಟರ್ ಯಾವ ಅರ್ಜಿಯೂ ಇಲ್ಲದೆ ನಡೆಯುತ್ತಿರುವುದು ಆ ಅಧಿಸೂಚನೆಯ ಫಲ. ಬಳಿಕ ಡಾಟಾ ಕಾರ್ಡುಗಳು ಬಂದವು. 2009ರಲ್ಲಿ ಬಿಎಸ್‌ಎನ್‌ಎಲ್ 3ಜಿ ಸೇವೆಗೆ ತೊಡಗಿತು, 2010ರ ಹರಾಜಿನ ನಂತರ ಖಾಸಗಿ ಕಂಪನಿಗಳೂ ಇಳಿದವು. ಡಾಂಗಲನ್ನು ನೇರವಾಗಿ ಚುಚ್ಚಬಲ್ಲ ಯುಎಸ್‌ಬಿ ಕಿಂಡಿಯುಳ್ಳ ರೂಟರ್‌ಗಳು ಮಾರುಕಟ್ಟೆಗೆ ಬಂದಾಗ ಒಂದೇ ಸಿಮ್‌ನಿಂದ ಮನೆಯ ಎಲ್ಲ ಯಂತ್ರಗಳಿಗೂ ಸಂಪರ್ಕ ಹಂಚುವುದು ಸಾಧ್ಯವಾಯಿತು.

ಆ ಕಾಲದ ಡಾಂಗಲುಗಳು ಇಂದಿಗೂ ಅನೇಕರ ಮೇಜಿನ ಖಾನೆಯಲ್ಲಿರಬಹುದು. ಅವುಗಳಿಗೆ ಹೊಸ ಸಿಮ್ ತುರುಕಿ ಪ್ರಯೋಜನವಿಲ್ಲ. ಡಾಟಾ ಕಾರ್ಡುಗಳನ್ನು ಧಾರಾಳವಾಗಿ ಮಾರಿದ ಟಾಟಾ ಹಾಗೂ ರಿಲಯನ್ಸ್ ಕಮ್ಯುನಿಕೇಷನ್ಸ್ ಸಂಸ್ಥೆಗಳ ಮೊಬೈಲ್ ಸೇವೆಗಳೇ ಈಗಿಲ್ಲ. ಖಾಸಗಿ ಕಂಪನಿಗಳು 3ಜಿ ಜಾಲವನ್ನೂ ಬಹುಮಟ್ಟಿಗೆ ಮುಚ್ಚಿವೆ. ಈಗ ಕೊಳ್ಳುವವರು 4ಜಿ ಅಥವಾ 5ಜಿ ಸಾಧನವನ್ನೇ, ಅದರಲ್ಲೂ ಒಂದೇ ಕಂಪನಿಯ ಸಿಮ್‌ಗೆ ಬೀಗ ಹಾಕಿರದಂಥದನ್ನು ಆರಿಸಬೇಕು. ನಾಲ್ಕುನೂರು ರೂಪಾಯಿ ಅಗ್ಗವೆಂದು ಬೀಗ ಬಿದ್ದ ಸಾಧನವನ್ನು ತಂದವರು ಕಂಪನಿ ಬದಲಿಸುವ ದಿನ ಇಡೀ ಸಾಧನವನ್ನೇ ಬದಲಿಸಬೇಕಾಗುತ್ತದೆ.

ಸಾಧನವನ್ನು ಎಲ್ಲಿ ಇಡಬೇಕು ಎಂಬುದು ಯಾವುದನ್ನು ಕೊಳ್ಳಬೇಕು ಎಂಬುದಕ್ಕಿಂತಲೂ ಮುಖ್ಯ. ಕರಾವಳಿಯ ಹಳೆಯ ಮನೆಗಳ ಗೋಡೆ ಮುರಕಲ್ಲಿನದು, ದಪ್ಪ. ಮಳೆಗಾಲದ ನಾಲ್ಕು ತಿಂಗಳು ತೇವವನ್ನು ಹೀರಿಕೊಂಡಿರುತ್ತದೆ. ಗೋಪುರದಿಂದ ಬರುವ ತರಂಗಕ್ಕೂ ಮನೆಯೊಳಗಿನ ವೈ-ಫೈ ತರಂಗಕ್ಕೂ ಅದು ತಡೆ. ಹಂಚಿನ ಮಾಡು ಅಷ್ಟು ಅಡ್ಡಿ ಮಾಡದು. ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟ್ ತಾರಸಿ ಹೆಚ್ಚು ತಡೆಯುತ್ತದೆ. ಸೋರಿಕೆಗೆ ಅಂಜಿ ತಾರಸಿಯ ಮೇಲೆ ಹೊದಿಸಿದ ತಗಡಿನ ಶೀಟು ಇನ್ನೂ ಹೆಚ್ಚು. ಆದುದರಿಂದ ಮೋಡೆಮನ್ನು ಟಿ.ವಿ.ಯ ಹಿಂದೆಯೋ ಕಬ್ಬಿಣದ ಕಪಾಟಿನ ಪಕ್ಕದಲ್ಲೋ ಅಡಗಿಸದೆ, ಗೋಪುರದ ದಿಕ್ಕಿನ ಕಿಟಕಿಯ ಬಳಿ, ಸಾಧ್ಯವಾದರೆ ಮೇಲಂತಸ್ತಿನಲ್ಲಿ ಇಡುವುದು ಲೇಸು. ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಕಾಗಿಲ್ಲ. ರೂಟರ್‌ನ ಹೊಂದಾಣಿಕೆ ಪುಟದಲ್ಲಿ ಸಂಕೇತದ ಬಲ ಅಂಕಿಯಲ್ಲೇ ದೊರೆಯುತ್ತದೆ: ಮೈನಸ್ 80ರ ಆಸುಪಾಸಿನಲ್ಲಿದ್ದರೆ ಉತ್ತಮ, ಮೈನಸ್ 110ಕ್ಕೆ ಇಳಿದರೆ ದುರ್ಬಲ. ಕಿಟಕಿಯಿಂದ ಕಿಟಕಿಗೆ ಸಾಧನವನ್ನು ಒಯ್ದು ಈ ಅಂಕಿಯನ್ನು ಗುರುತಿಸಿಕೊಳ್ಳಲು ಅರ್ಧ ಗಂಟೆ ಸಾಕು. ಮನೆಯೊಳಗಿನ ಹಂಚಿಕೆಗೆ 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, 5 ಗಿಗಾಹರ್ಟ್ಸ್ ವೇಗ ಕೊಡುತ್ತದೆ. ಲೆಕ್ಕದ ಮೇಜು ಗೋಡೆಯಾಚೆ ಇದ್ದರೆ ಮೊದಲನೆಯದೇ ಸರಿ.

ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ ಎಂಬ ಮಾತು ಮಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಇದು ಅರ್ಧ ಸತ್ಯ. ಮೊಬೈಲ್ ಸೇವೆಯ ಸಾಮಾನ್ಯ ತರಂಗಗಳನ್ನು ಮಳೆಹನಿ ತಡೆಯುವುದು ಅತ್ಯಲ್ಪ. ಮಳೆಯಲ್ಲಿ ಹೋಗುವುದು ವಿದ್ಯುತ್ತು. ಮನೆಯದೂ ಹೋಗುತ್ತದೆ, ಬ್ಯಾಟರಿ ಬರಿದಾದ ಮೇಲೆ ಗೋಪುರದ್ದೂ ಹೋಗುತ್ತದೆ. ರೂಟರ್‌ಗೆಂದೇ ತಯಾರಾದ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟುಕೊಂಡರೆ ಮನೆಯ ಪಾಲಿನ ತೊಂದರೆ ನೀಗುತ್ತದೆ. ಗುಡುಗಿನ ತಿಂಗಳುಗಳಲ್ಲಿ ದೂರವಾಣಿ ತಂತಿಯ ಮೂಲಕ ಸಿಡಿಲಿನ ಹೊಡೆತ ಬಂದು ಹಳೆಯ ತಂತಿ ಮೋಡೆಮ್‌ಗಳು ಸುಟ್ಟುಹೋಗುತ್ತಿದ್ದ ಕಾಟ ನಿಸ್ತಂತು ಸಾಧನಕ್ಕಿಲ್ಲ ಎಂಬುದು ಒಂದು ಲಾಭ. ಡಾಂಗಲ್ ಚುಚ್ಚುವ ರೂಟರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಸಂಕೇತ ದುರ್ಬಲವಾದಷ್ಟೂ ಡಾಂಗಲ್ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ರೂಟರ್‌ನ ಅಡಾಪ್ಟರ್ ಅಷ್ಟನ್ನು ಒದಗಿಸಲಾರದಿದ್ದರೆ ಸಂಪರ್ಕ ಪದೇ ಪದೇ ಕಡಿಯುತ್ತದೆ, ದೂರು ಮಾತ್ರ ಸಿಮ್ ಕಂಪನಿಯ ಮೇಲೆ ಬೀಳುತ್ತದೆ.

ಇಷ್ಟೆಲ್ಲವನ್ನು ಸರಿಪಡಿಸಿಕೊಂಡರೂ ಮನೆಯವರ ಕೈಯಲ್ಲಿಲ್ಲದ ಸಂಗತಿಗಳು ಉಳಿಯುತ್ತವೆ. ಗೋಪುರದ ಸಾಮರ್ಥ್ಯ ಸುತ್ತಲಿನ ಎಲ್ಲ ಬಳಕೆದಾರರ ನಡುವೆ ಹಂಚಿಹೋಗುವಂಥದು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಗೋಕರ್ಣನಾಥೇಶ್ವರ ಕ್ಷೇತ್ರದ ದಸರೆಗೆ ಲಕ್ಷಾಂತರ ಜನ ಸೇರುತ್ತಾರೆ, ಪ್ರತಿಯೊಬ್ಬರ ಕೈಯಲ್ಲೂ ಚಿತ್ರ ಕಳುಹಿಸುವ ಫೋನಿದೆ. ಅಂತಹ ರಾತ್ರಿ ಪಕ್ಕದ ಓಣಿಯ ಮೊಬೈಲ್ ಮೋಡೆಮ್ ಕೂಡ ಅದೇ ಸರತಿಯಲ್ಲಿ ನಿಲ್ಲಬೇಕು. ಹಬ್ಬದ ಹಂಗಾಮು ವ್ಯಾಪಾರದ ಹಂಗಾಮೂ ಹೌದು ಎಂಬುದನ್ನು ವರ್ತಕರಿಗೆ ಬೇರೆ ಹೇಳಬೇಕಿಲ್ಲ. ಕಂಪನಿಗಳ ಜಾಹೀರಾತಿನಲ್ಲಿ ವೇಗದ ಅಂಕಿಯ ಪಕ್ಕ ಸಣ್ಣಕ್ಷರದಲ್ಲಿ ಕಾಣುವ 'ವರೆಗೆ' ಎಂಬ ಶಬ್ದದ ಅರ್ಥ ಇದೇ. ಬಟ್ಟೆಯ ವ್ಯಾಪಾರಿ ಗಿರಾಕಿಗೆ 'ಐದು ಮೀಟರ್‌ವರೆಗೆ' ಕೊಡುತ್ತೇನೆಂದು ಹೇಳಿ ಮೂರು ಮೀಟರ್ ಕತ್ತರಿಸಿಕೊಟ್ಟರೆ ಅಳತೆ ಇಲಾಖೆ ಸುಮ್ಮನಿರುತ್ತದೆಯೇ?

ಮೊಬೈಲ್ ಜಾಲದಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಬಹಳಷ್ಟು ಗ್ರಾಹಕರಿಗೆ ಹಂಚುವುದು ವಾಡಿಕೆ. ಇದರಿಂದಾಗಿ ಗೋದಾಮಿನ ಸಿಸಿ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡಲು ಯತ್ನಿಸುವವರು ನಿರಾಶರಾಗುತ್ತಾರೆ; ತಯಾರಕರ ಕ್ಲೌಡ್ ಸೇವೆಯ ಮೂಲಕ ನೋಡಬಲ್ಲ ಕ್ಯಾಮೆರಾ ಬೇಕಾಗುತ್ತದೆ. ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಡುವುದೂ ಸಲ್ಲದು. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಗಳ ಸಂದರ್ಭದಲ್ಲಿ ಕಳುಹಿಸಲಾದ ಬೆದರಿಕೆಯ ಇ-ಮೇಲ್ ನವಿ ಮುಂಬಯಿಯ ಮನೆಯೊಂದರ ಭದ್ರತೆಯಿಲ್ಲದ ವೈ-ಫೈ ಮೂಲಕ ಹೋಗಿತ್ತು. ಆ ಮನೆಯವರು ವಿಚಾರಣೆ ಎದುರಿಸಬೇಕಾಯಿತು.

ಎಲ್ಲಕ್ಕಿಂತ ಗಂಭೀರವಾದದ್ದು ಸ್ಥಗಿತದ ಪ್ರಶ್ನೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆ ಮತ್ತು ಗೋಲಿಬಾರಿನ ಬಳಿಕ ದಕ್ಷಿಣ ಕನ್ನಡದಲ್ಲಿ 48 ಗಂಟೆಗಳ ಕಾಲ ಮೊಬೈಲ್ ಅಂತರ್ಜಾಲವನ್ನು ನಿಲ್ಲಿಸಲು ಆದೇಶವಾಯಿತು. ಇಂತಹ ಆದೇಶ ಬಂದಾಗ ಒಂದು ಕಂಪನಿ ಹೋದರೆ ಮತ್ತೊಂದಿದೆ ಎಂದು ಎರಡೆರಡು ಸಿಮ್ ಇರಿಸಿಕೊಂಡ ಮುಂಜಾಗ್ರತೆ ಯಾವ ಕೆಲಸಕ್ಕೂ ಬಾರದು, ಏಕೆಂದರೆ ಎಲ್ಲ ಕಂಪನಿಗಳ ಡಾಟಾ ಒಟ್ಟಿಗೇ ನಿಲ್ಲುತ್ತದೆ. ಮೊಬೈಲ್ ಸೇವೆಗಷ್ಟೇ ಸೀಮಿತವಾದ ಆದೇಶದಲ್ಲಿ ತಂತಿಯ ಸಂಪರ್ಕ ಉಳಿಯುತ್ತದೆ. ಮೋಡೆಮ್ ಒಂದನ್ನೇ ನೆಚ್ಚಿದ ಮನೆ ಅಂದು ಬಿಲ್ ಮಾಡಲಾರದು, ಯುಪಿಐ ಹಣ ಸ್ವೀಕರಿಸಲಾರದು, ಗಲ್ಫ್‌ನಲ್ಲಿರುವ ಮಗನಿಗೆ ತಾವು ಕ್ಷೇಮವೆಂದು ಮುಖ ತೋರಿಸಿ ಹೇಳಲೂ ಆಗದು.

ಶಾಂತಿಪಾಲನೆ ಸರ್ಕಾರದ ಹೊಣೆ ಎಂಬುದನ್ನು ವರ್ತಕ ಸಮುದಾಯ ಎಂದೂ ಪ್ರಶ್ನಿಸಿಲ್ಲ. ಗಲಭೆಯಿಂದ ಮೊದಲು ನಷ್ಟ ಅನುಭವಿಸುವುದು ಅಂಗಡಿಯೇ. ಆದರೂ 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ವಾಣಿಜ್ಯ ಸಂಸ್ಥೆಗಳು ಸಾಕಷ್ಟು ಬಳಸಿಕೊಂಡಂತೆ ತೋರುವುದಿಲ್ಲ. ಅಂತರ್ಜಾಲದ ಮೂಲಕ ವ್ಯಾಪಾರ ನಡೆಸುವ ಸ್ವಾತಂತ್ರ್ಯಕ್ಕೂ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆ ಇದೆ, ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದು, ಆದೇಶಗಳನ್ನು ಪ್ರಕಟಿಸಬೇಕು ಎಂದು ಆ ತೀರ್ಪು ವಿಧಿಸಿತು. 2024ರ ಹೊಸ ನಿಯಮಗಳೂ ಆದೇಶದಲ್ಲಿ ಕಾರಣ, ಪ್ರದೇಶ ಮತ್ತು ಅವಧಿಯನ್ನು ನಮೂದಿಸಿ ಪ್ರಕಟಿಸಬೇಕೆನ್ನುತ್ತವೆ. ಎಷ್ಟು ಗಂಟೆಗೆ ನಿಲ್ಲುತ್ತದೆ, ಎಷ್ಟು ಗಂಟೆಗೆ ಮರಳುತ್ತದೆ ಎಂಬುದು ಮೊದಲೇ ತಿಳಿದರೆ ಲಾರಿಗಳ ಇ-ವೇ ಬಿಲ್ಲನ್ನಾದರೂ ಮುಂಚಿತವಾಗಿ ಮಾಡಿಕೊಳ್ಳಬಹುದು. ಆದೇಶವಾದ ಗಳಿಗೆಯಲ್ಲೇ ಅದರ ಪ್ರತಿ ವಾಣಿಜ್ಯ ಸಂಘಗಳಿಗೂ ತಲಪುವ ಏರ್ಪಾಡನ್ನು ಜಿಲ್ಲಾಡಳಿತದಿಂದ ಕೇಳಿ ಪಡೆಯುವುದು ಯಾರಿಗೂ ವಿರೋಧವಾದ ಬೇಡಿಕೆಯಲ್ಲ.

ತಂತಿಯೇ ಬೇಕೆಂದು ಹಟ ಹಿಡಿಯುವವರಿಗೂ ಒಂದು ಮಾತಿದೆ. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರವನ್ನು ದೇಶವೇ ನೋಡಿತು. ಆ ಕುಟುಂಬಕ್ಕೆ ಮನೆಯೊಳಗೆ ದೊರೆಯುವ ಮೊಬೈಲ್ ಸಂಕೇತವೇ ದೊಡ್ಡ ಭಾಗ್ಯವಾಗುತ್ತಿತ್ತು. ಕುದ್ರೋಳಿಯಂತಹ ನಗರ ಪ್ರದೇಶದಲ್ಲೂ ಬಾಡಿಗೆ ಮನೆಯವರು, ಆಗಷ್ಟೇ ವ್ಯಾಪಾರ ಆರಂಭಿಸಿದವರು ಮೋಡೆಮ್‌ನಿಂದಲೇ ತೊಡಗುವುದು ಸಹಜ. ಅವರಿಗೆ ಹೇಳಬೇಕಾದುದು ಇಷ್ಟೇ: ದಿನಕ್ಕೆ 1.5 ಅಥವಾ 2 ಜಿಬಿ ಮಿತಿಯ ಪ್ರಿಪೇಯ್ಡ್ ಯೋಜನೆ ಒಂದು ಫೋನಿಗೆ ಸಾಕು, ಮನೆಗೆ ಸಾಲದು. ಕಂಪ್ಯೂಟರ್ ತನ್ನಷ್ಟಕ್ಕೆ ತಂತ್ರಾಂಶ ನವೀಕರಿಸಿಕೊಂಡರೆ ಮಧ್ಯಾಹ್ನದೊಳಗೇ ಅದು ತೀರಿಹೋಗುತ್ತದೆ. ವ್ಯವಹಾರದ ಹೆಸರಿನಲ್ಲಿ ಪೋಸ್ಟ್‌ಪೇಯ್ಡ್ ಸಂಪರ್ಕ ಪಡೆದು ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ನಮೂದಿಸಿದರೆ, ವ್ಯಾಪಾರಕ್ಕೆ ಬಳಸಿದ ಪಾಲಿನ ಮೇಲೆ ತೆತ್ತ ಶೇಕಡಾ 18ರ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಲು ಅವಕಾಶವಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ಸೌಲಭ್ಯವಿಲ್ಲ. ಮನೆಯ ಹಿರಿಯರ ಹೆಸರಿನ ಪ್ರಿಪೇಯ್ಡ್ ಸಿಮ್‌ನಿಂದ ವರ್ಷಗಟ್ಟಲೆ ವ್ಯಾಪಾರ ನಡೆಸುವವರು ಈ ಹಣವನ್ನು ಸುಮ್ಮನೆ ಬಿಟ್ಟುಕೊಡುತ್ತಿದ್ದಾರೆ.

ತಂತಿಯ ಸಂಪರ್ಕ ಓಣಿಯೊಳಗಿನ ಮನೆಗೂ ಭದ್ರವಾಗಿ ತಲಪಬೇಕಾದರೆ ಮಹಾನಗರಪಾಲಿಕೆಯ ಮನಸ್ಸೂ ಬೇಕು. ಆಪ್ಟಿಕಲ್ ಕೇಬಲನ್ನು ವಿದ್ಯುತ್ ಕಂಬದಿಂದ ಕಂಬಕ್ಕೆ ನೇತುಹಾಕುವ ಪದ್ಧತಿಯಲ್ಲಿ ಒಂದು ತೆಂಗಿನ ಗರಿ ಬಿದ್ದರೂ ಸಂಪರ್ಕ ಕಡಿಯುತ್ತದೆ. ನೆಲದಡಿ ಹೂತದ್ದು ಮುಂದಿನ ರಸ್ತೆ ಅಗೆತದವರೆಗೆ ಮಾತ್ರ ಬಾಳುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ನಗರಕ್ಕೆ ಇದು ಶೋಭಿಸುವಂಥದಲ್ಲ. 2025ರ ಜನವರಿ 1ರಿಂದ ಜಾರಿಗೆ ಬಂದಿರುವ ದೂರಸಂಪರ್ಕ ಮಾರ್ಗಹಕ್ಕು ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಅನುಮತಿಯ ಕಾಲಮಿತಿಯನ್ನು ವಿಧಿಸಿವೆ. ರಸ್ತೆಗೆ ಕಾಂಕ್ರೀಟ್ ಹಾಕುವ ಮುನ್ನವೇ ಬದಿಯಲ್ಲಿ ಸಾಮಾನ್ಯ ಕೊಳವೆಯೊಂದನ್ನು ಹೂತು, ಯಾವ ಕಂಪನಿಯೇ ಆಗಲಿ ನಿಗದಿತ ಬಾಡಿಗೆ ತೆತ್ತು ಅದರೊಳಗೆ ಕೇಬಲ್ ಎಳೆಯಲು ಅವಕಾಶ ನೀಡಿದರೆ ಪಾಲಿಕೆಗೆ ವರಮಾನವೂ ಬಂದೀತು. ಬಂದರು, ಕುದ್ರೋಳಿ, ಅಳಕೆ, ಮಣ್ಣಗುಡ್ಡೆಗಳ ವರ್ತಕರು ಓಣಿಓಣಿಯ ಪಟ್ಟಿ ಮಾಡಿ, ಮುಂದಿನ ರಸ್ತೆ ಕಾಮಗಾರಿಯ ಟೆಂಡರಿನಲ್ಲೇ ಈ ಕೊಳವೆಯನ್ನು ಸೇರಿಸುವಂತೆ ಆಯುಕ್ತರಿಗೆ ಮನವಿ ಸಲ್ಲಿಸಬೇಕು. ಮಳೆಗಾಲ ಕಳೆದು ಕಾಮಗಾರಿಗಳಿಗೆ ಅಂದಾಜುಪಟ್ಟಿ ಸಿದ್ಧವಾಗುವ ಮುಂಚೆಯೇ ಅದು ಪಾಲಿಕೆಯ ಕಚೇರಿಯನ್ನು ತಲಪಬೇಕು.