ಬಸ್ಸು ಹತ್ತಿಸುವ ಮೊದಲೇ ಬಿಡುಗಡೆ ಪತ್ರ ಕೊಡಿ

ಇಟ್ಟಿಗೆ ಗೂಡಿನಿಂದ ಒಂದು ಕುಟುಂಬವನ್ನು ಬಿಡಿಸಿ ಊರಿಗೆ ಕಳಿಸಿದರೆ ಕೆಲಸ ಮುಗಿಯಿತೆಂದು ನಾವು ನಂಬಿದ್ದೇವೆ. ಮುಗಿಯುವುದಿಲ್ಲ. ಜೀತದಿಂದ ಮುಕ್ತರಾದರೆಂದು ಸರ್ಕಾರ ಬರೆದುಕೊಡುವ ಬಿಡುಗಡೆ ಪತ್ರವಿಲ್ಲದೆ ಒಡಿಶಾದ ಬಲಾಂಗೀರ್‌ಗೆ ಮರಳಿದವರನ್ನು ದಲ್ಲಾಳಿ ಹುಡುಕಿಕೊಂಡು ಬರುತ್ತಾನೆ. ಅವನ ಪುಸ್ತಕದಲ್ಲಿ ಮುಂಗಡದ ಬಾಕಿ ಹಾಗೇ ಇರುತ್ತದೆ.

ಆ ಪುಸ್ತಕ ನೋಡಬೇಕು. ಮಗಳ ಮದುವೆಗೋ ಅಪ್ಪನ ಆಸ್ಪತ್ರೆಗೋ ಈಸಿಕೊಂಡ ಮುಂಗಡ ಮೊದಲ ಸಾಲಿನಲ್ಲಿ. ಕೆಳಗೆ ವಾರದ ಖರ್ಚಿನ ದುಡ್ಡು, ಅಕ್ಕಿ, ಜ್ವರದ ಮಾತ್ರೆ, ಮಳೆಗೆ ಕರಗಿದ ಹಸಿ ಇಟ್ಟಿಗೆಯ ನಷ್ಟ. ಮಕ್ಕಳೂ ಸೇರಿ ಮನೆಮಂದಿಯೆಲ್ಲ ಮಣ್ಣು ಕಲಸಿದರೂ ಕೂಲಿ ಮಾತ್ರ ಒಬ್ಬನ ಹೆಸರಿಗೆ. ಬರೆಯುವವನು ಮಾಲೀಕನ ಕಡೆಯವನು. ದುಡಿದವನಿಗೆ ಓದಲು ಬರುವುದಿಲ್ಲ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಈ ಲೆಕ್ಕವನ್ನೇ ಅಳಿಸಿತು. ಜೀತದ ಸಾಲ ತೀರಿಸಬೇಕಾಗಿಲ್ಲ. ಅದು ಜೀತದ ಸಾಲವಲ್ಲವೆಂದು ಸಾಬೀತು ಮಾಡುವ ಹೊಣೆಯೂ ಸಾಲ ಕೊಟ್ಟವನದೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಕಾಲಿಗೆ ಸರಪಳಿ ಕಾಣಲಿಲ್ಲ, ಆದ್ದರಿಂದ ಜೀತವಿಲ್ಲ ಎಂದು ವರದಿ ಬರೆಯುವ ಅಧಿಕಾರಿಗಳು ಆ ತೀರ್ಪನ್ನು ಓದಲೇಬೇಕು.

ಇನ್ನು ಪರಿಹಾರ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ 1 ಲಕ್ಷ ರೂಪಾಯಿ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಅವರು ಮಾನವ ಕಳ್ಳಸಾಗಣೆಗೋ ಲೈಂಗಿಕ ಶೋಷಣೆಗೋ ಬಲಿಯಾಗಿದ್ದರೆ 3 ಲಕ್ಷ. ತಕ್ಷಣ ಕೈಗೆ ಸಿಗಬೇಕಾದದ್ದು 30 ಸಾವಿರದವರೆಗೆ. ಉಳಿದದ್ದಕ್ಕೆ ಮಾಲೀಕನ ವಿಚಾರಣೆ ಮುಗಿಯುವ ತನಕ ಕಾಯಬೇಕು. ಅಷ್ಟರಲ್ಲಿ ಮಾಲೀಕ ಜಾಮೀನಿನ ಮೇಲೆ ಹೊರಗಿರುತ್ತಾನೆ, ಸಾಕ್ಷಿ ಹೇಳಬೇಕಾದವನು ಹೊಟ್ಟೆಪಾಡಿಗೆ ಇನ್ನೊಂದು ಮುಂಗಡಕ್ಕೆ ಹೆಬ್ಬೆಟ್ಟು ಒತ್ತಿರುತ್ತಾನೆ. ಪೀಡಿಸಿದವನಿಗೆ ಶಿಕ್ಷೆಯಾಗುವ ತನಕ ನೊಂದವನು ಉಪವಾಸ ಇರಬೇಕೆನ್ನುವುದು ಯಾವ ನ್ಯಾಯ?

ಉಪವಿಭಾಗಾಧಿಕಾರಿಗಳೇ, ಬಿಡಿಸಿದ ದಿನವೇ ಪ್ರತಿಯೊಬ್ಬರ ಹೆಸರಿಗೂ, ಹೆಂಡತಿ ಮಕ್ಕಳ ಹೆಸರಿಗೂ ಬೇರೆಬೇರೆಯಾಗಿ ಬಿಡುಗಡೆ ಪತ್ರ ಬರೆದು ಸಹಿ, ಮೊಹರು ಹಾಕಿ. ತಕ್ಷಣದ ನೆರವು ಅಂದೇ ಕೊಡಿ. ಬಾಕಿ ಕೂಲಿಯನ್ನು ಕಣ್ಣೆದುರಿಗೇ ಎಣಿಸಿ ಕೊಡಿಸಿ. ಸಂಸದರೇ, ಪರಿಹಾರದ ಹಣವನ್ನು ಕೋರ್ಟಿನ ತೀರ್ಪಿಗೆ ಕಟ್ಟಿಹಾಕಿರುವ ಗಂಟನ್ನು ಬಿಚ್ಚಿಸಿ.

ಮನೆ ಕಟ್ಟಿಸುತ್ತಿರುವ ನಾವು, ಇಟ್ಟಿಗೆ ಲೋಡಿಗೆ ದುಡ್ಡು ಕೊಡುವ ಮೊದಲು ಆ ಗೂಡಿಗೊಮ್ಮೆ ಹೋಗೋಣ. ಸಂತೆಗೆ ಹೋಗಿಬರಲು ಬಿಡುತ್ತಾರಾ, ಹಬ್ಬಕ್ಕೆ ಊರಿಗೆ ಕಳಿಸುತ್ತಾರಾ ಎಂದು ಅಲ್ಲಿನವರನ್ನು ಕೇಳೋಣ. ಇಲ್ಲವೆಂದರೆ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು, ಉತ್ತರ ಬರುವ ತನಕ ಮತ್ತೆ ಮತ್ತೆ ಹೋಗಿ ಕೇಳೋಣ.