ಕಬ್ಬಿನ ನೆನಪು ಯಾಕೆ ಯಾವಾಗಲೂ ಸಿಹಿ?

ಹೋದ ಸಂಕ್ರಾಂತಿಗೆ ಆಫೀಸಿನ ನ್ಯೂಸ್‌ಲೆಟರಿಗೆ ನಾನೊಂದು ಪುಟ ಬರೆದುಕೊಟ್ಟಿದ್ದೆ. ಮಂಡ್ಯ ಸೀಮೆಯ ನಮ್ಮೂರು, ಆಲೆಮನೆಯ ಹೊಗೆ, ಕೊಪ್ಪರಿಗೆಯಲ್ಲಿ ಕುದಿಯೋ ಕಬ್ಬಿನ ಹಾಲು, ಫ್ಯಾಕ್ಟರಿಗೆ ಹೋಗೋ ಗಾಡಿ ಹಿಂದೆ ಓಡಿ ಜಲ್ಲೆ ಎಳೆದಿದ್ದು, ಹಲ್ಲಲ್ಲೇ ಸಿಪ್ಪೆ ಸೀಳಿದ್ದು, ಎಲ್ಲಾ ಇತ್ತು. ಕ್ಯೂಬಿಕಲ್ಲಿಗೆ ಜಲ್ಲೆ ಕಟ್ಟಿ, ಪಂಚೆ ಉಟ್ಟು ಸೆಲ್ಫಿ ತೆಗೆದುಕೊಂಡವರೆಲ್ಲ "ಸೂಪರ್ ಗುರೂ, ಊರಿಗೇ ಕರ್ಕೊಂಡು ಹೋಗ್ಬಿಟ್ಟೆ" ಅಂದರು. ನಾನೂ ಉಬ್ಬಿದೆ.

ಎರಡು ದಿನ ಬಿಟ್ಟು, ಟೊರಾಂಟೋ ಟೀಮಿನ ಟೆಸ್ಟ್ ಲೀಡ್ ಒಬ್ಬರು ಕಾಲ್ ಮುಗಿದ ಮೇಲೆ "ಒಂದ್ನಿಮಿಷ ಇರು" ಅಂದರು. ಐವತ್ತು ದಾಟಿದ ಮನುಷ್ಯ. ಹೆಸರು ನೋಡಿದರೆ ಬಿಹಾರದವರು ಅನ್ನಬೇಕು, ಇಂಗ್ಲಿಷ್ ಕೇಳಿದರೆ ವೆಸ್ಟ್ ಇಂಡೀಸಿನ ಕ್ರಿಕೆಟ್ ಕಾಮೆಂಟ್ರಿ ನೆನಪಾಗಬೇಕು. ಹುಟ್ಟಿ ಬೆಳೆದದ್ದು ಟ್ರಿನಿಡಾಡಿನಲ್ಲಿ. "ನೀನು ಬರೆದಿರೋದು ನನ್ನ ಬಾಲ್ಯಾನೇ. ಎಲ್ಲಾ ಸರಿಯಾಗಿದೆ. ಒಂದೇ ಡೌಟು. ಆ ಕಬ್ಬನ್ನ ಕಡಿದವರು ಯಾರು?"

ನಾನು ತಡವರಿಸಿದೆ. ಆ ಪುಟದಲ್ಲಿ ಕಡಿದವರು ಒಬ್ಬರೂ ಇರಲಿಲ್ಲ. ಕಬ್ಬು ತಾನೇ ಕಡಿದುಕೊಂಡು ತಾನೇ ಗಾಡಿ ಹತ್ತಿತ್ತು.

ಆಮೇಲೆ ಅವರು ತಮ್ಮ ಬಾಲ್ಯ ಹೇಳಿದರು. ಅಲ್ಲಿ ಕಬ್ಬಿನ ಸುಗ್ಗಿಗೆ 'ಕ್ರಾಪ್' ಅಂತಲೇ ಹೆಸರು. ಜನವರಿಯಲ್ಲಿ ಶುರುವಾದರೆ ಮೇ, ಜೂನ್ ತನಕ. ಕಡಿಯೋದಕ್ಕೆ ಮುಂಚೆ ಗದ್ದೆಗೆ ಬೆಂಕಿ ಹಾಕೋರು. ತರಗು ಉರಿದುಹೋಗಲಿ, ಹಾವು ಚೇಳು ಓಡಲಿ ಅಂತ. ಕರೀ ಬೂದಿ ಗಾಳಿಯಲ್ಲಿ ತೇಲಿ ಬಂದು ಊರ ಮೇಲೆ ಬೀಳೋದು. ಮಕ್ಕಳಿಗೆ ಅದನ್ನ ಕೈಯಲ್ಲಿ ಹಿಡಿಯೋ ಆಟ, ಅಮ್ಮನಿಗೆ ಒಗೆದ ಬಟ್ಟೆ ಮತ್ತೆ ಒಗೆಯೋ ಪಾಡು. ಲಾರಿ ಹಿಂದೆ ಓಡಿ ಕಬ್ಬು ಎಳೆಯೋದು ಅಲ್ಲೂ ಇತ್ತು. ಕಾಕಂಬಿಯ ವಾಸನೆ ಇಡೀ ಊರಿಗೆ ಹರಡೋದು. ಮಕ್ಕಳಿಗೆ ಹಬ್ಬವೇ.

ಅಪ್ಪ ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ರೊಟ್ಟಿ ಕಟ್ಟಿಕೊಂಡು ಹೋದವರು ಮಧ್ಯಾಹ್ನ ವಾಪಸ್ ಬರುವಾಗ ಕಣ್ಣು ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಮಸಿ. ಮಚ್ಚು ಹಿಡಿದ ಬೆರಳು ಮಡಚಿದಂಗೇ ಇರೋದು, ಚಮಚ ಹಿಡಿಯೋಕೂ ಬಿಡಿಸಬೇಕು. ಒಂದಿನ ಮಗ ಆಸೆಯಿಂದ ಆ ಮಚ್ಚು ಮುಟ್ಟಿದಾಗ ಅಪ್ಪ ಹೇಳಿದ್ದು: "ಇನ್ನೊಂದ್ಸಲ ಮುಟ್ಟಿದರೆ ಕೈ ಮುರೀತೀನಿ. ಪುಸ್ತಕ ಹಿಡಿ."

ಇದು ಅಲ್ಲಿನ ಯಾರದೋ ಮನೆ ಕತೆ ಅಂತ ಬಿಡೋ ಹಾಗಿಲ್ಲ. ಕೆರಿಬಿಯನ್ನಿಗೆ ಕಬ್ಬು ತಂದಿದ್ದು ಕೊಲಂಬಸ್, 1493ರ ಎರಡನೇ ಯಾನದಲ್ಲಿ. ಕಡಿಯೋಕೆ ಆಫ್ರಿಕಾದಿಂದ ಜನರನ್ನ ಸರಪಳಿ ಹಾಕಿ ತಂದರು. 1833ರಲ್ಲಿ ಬ್ರಿಟನ್ ಗುಲಾಮಗಿರಿ ರದ್ದು ಮಾಡೋ ಕಾಯ್ದೆ ತಂದಾಗ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಯಾರಿಗೆ ಗೊತ್ತಾ? ಗುಲಾಮರಿಗಲ್ಲ, ಮಾಲೀಕರಿಗೆ! ಬಿಡುಗಡೆಯಾದವರಲ್ಲಿ ಬಹಳ ಜನ ಹಳೇ ತೋಟಗಳ ಕಡೆ ತಿರುಗಿ ನೋಡಲಿಲ್ಲ. ಆಗ ತೋಟದವರ ಕಣ್ಣು ನಮ್ಮ ದೇಶದ ಮೇಲೆ ಬಿತ್ತು. 1838ರಲ್ಲಿ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡಿಗೆ ಮೊದಲ ಹಡಗುಗಳು. 1917ರವರೆಗೆ ಸುಮಾರು 5 ಲಕ್ಷ ಭಾರತೀಯರು ಕೆರಿಬಿಯನ್ ಸೀಮೆಗೆ ಹೋದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದಿಂದ ಕಲ್ಕತ್ತಾ ಬಂದರಿನ ಮೂಲಕ, ಒಂದಷ್ಟು ಜನ ಮದ್ರಾಸಿನಿಂದ. ಐದು ವರ್ಷದ ಬಾಂಡ್. ಪಾಸ್ ಇಲ್ಲದೆ ತೋಟ ಬಿಟ್ಟು ಹೊರಗೆ ಕಾಲಿಟ್ಟರೆ ಜೈಲು. ನಾವು ಬೆಂಚ್, ನೋಟಿಸ್ ಪೀರಿಯಡ್ ಅಂತ ಗೊಣಗುತ್ತೀವಲ್ಲ, ಸ್ವಲ್ಪ ಹೋಲಿಸಿ ನೋಡಿ. ರೋಹನ್ ಕನ್ಹಾಯ್ ಬ್ಯಾಟಿಂಗ್ ಬಗ್ಗೆ ನಮ್ಮ ತಾತಂದಿರು ಕತೆ ಹೇಳ್ತಿದ್ದರಲ್ಲ, ಆತ ಹುಟ್ಟಿದ್ದು ಗಯಾನಾದ ಪೋರ್ಟ್ ಮೌರಂಟ್ ಅನ್ನೋ ಕಬ್ಬಿನ ಎಸ್ಟೇಟಿನಲ್ಲೇ.

ಕಡಿದ ಕಬ್ಬು ಕಾಯೋದಿಲ್ಲ, ಅದೇ ಅದರ ಕ್ರೌರ್ಯ. ಗಂಟೆ ಕಳೆದಂಗೆ ಸಕ್ಕರೆ ಅಂಶ ಇಳೀತಾ ಹೋಗುತ್ತೆ, ಸುಟ್ಟ ಕಬ್ಬಾದರೆ ಇನ್ನೂ ಬೇಗ. ಅದಕ್ಕೇ ಸುಗ್ಗಿಯಲ್ಲಿ ಫ್ಯಾಕ್ಟರಿ ಹಗಲೂ ರಾತ್ರಿ ಅರೀಬೇಕು, ಅದು ಅರೀಬೇಕು ಅಂದರೆ ಇವರು ಕಡೀತಾನೇ ಇರಬೇಕು. ನಮಗೆ ವರ್ಷಕ್ಕೆ ಎರಡು ಸಲ ರಿಲೀಸ್ ರಾತ್ರಿ ಬಂದರೆ ಪಿಜ್ಜಾ ತರಿಸಿಕೊಡ್ತಾರೆ. ಅವರಿಗೆ ಐದಾರು ತಿಂಗಳು ದಿನಾ ರಿಲೀಸು.

ಬಾರ್ಬಡೋಸಿನಲ್ಲಿ ಕಟಾವು ಮುಗಿದಾಗ ಕ್ರಾಪ್ ಓವರ್ ಅನ್ನೋ ಹಬ್ಬ ಮಾಡ್ತಿದ್ದರು. ಕಬ್ಬಿನ ತರಗು ತುಂಬಿದ 'ಮಿಸ್ಟರ್ ಹಾರ್ಡಿಂಗ್' ಅನ್ನೋ ಬೊಂಬೆಗೆ ಹಳೇ ಕೋಟು ತೊಡಿಸಿ ಸುಡೋರು. ಇನ್ನು ಕೂಲಿ ಇಲ್ಲ, ಕಷ್ಟದ ದಿನ ಬಂತು ಅನ್ನೋದರ ಗುರುತು ಅದು. ಅಂದರೆ ಹಬ್ಬದಲ್ಲೂ ಅವರು ಹಸಿವನ್ನ ಮರೆಮಾಚಿರಲಿಲ್ಲ. 1974ರಲ್ಲಿ ಆ ಹಬ್ಬಕ್ಕೆ ಮತ್ತೆ ಜೀವ ಬಂತು. ಈಗ ಗರಿ, ಮಿನುಗು ತೊಟ್ಟ ರಿಹಾನಾ ಕುಣಿಯೋ ಫೋಟೋ ನಾವೆಲ್ಲ ನೋಡಿದ್ದೀವಿ. ಕುಣೀಲಿ, ಯಾರು ಬೇಡ ಅಂದರು? ಆದರೆ ನಮ್ಮ ಎಥ್ನಿಕ್ ಡೇಯಲ್ಲಿ ಮಿಸ್ಟರ್ ಹಾರ್ಡಿಂಗ್ ಥರದ ಒಂದು ಬೊಂಬೆಯೂ ಇಲ್ಲವಲ್ಲ! ನಮ್ಮದು ಬರೀ ಜಲ್ಲೆ, ಬರೀ ಎಳ್ಳು-ಬೆಲ್ಲ, ಬರೀ ಒಳ್ಳೇ ಮಾತು.

"ಅಲ್ಲಾ ಮಾರಾಯ, ಮಕ್ಕಳ ಖುಷಿಗೂ ಲೆಕ್ಕ ಕೇಳ್ತೀಯಾ?" ಅಂತ ಗೆಳೆಯನೊಬ್ಬ ರೇಗಿದ. ಮಕ್ಕಳನ್ನ ಕೇಳ್ತಿಲ್ಲ. ಮೂವತ್ತು ದಾಟಿದ ನಮ್ಮನ್ನ ಕೇಳ್ತಿದ್ದೀನಿ. ಎಂಟು ವರ್ಷದ ಹುಡುಗನಿಗೆ ಕಬ್ಬು ಸಿಹಿ, ಅಷ್ಟೇ. ಇಎಂಐ ಕಟ್ಟೋ ವಯಸ್ಸಲ್ಲೂ ಅಷ್ಟೇ ಗೊತ್ತಿರೋದು ಅಂದರೆ ಅದು ಮುಗ್ಧತೆ ಅಲ್ಲ, ಸೋಗು.

"ಅದೆಲ್ಲ ಹಳೇ ಕತೆ" ಅನ್ನೋರಿಗೂ ಒಂದು ಮಾತು. ಡೊಮಿನಿಕನ್ ಗಣರಾಜ್ಯದಲ್ಲಿ ಈಗಲೂ ಕಬ್ಬು ಕಡಿಯೋರು ಹೆಚ್ಚಾಗಿ ಪಕ್ಕದ ಹೈಟಿಯಿಂದ ಬಂದವರು, ಇಲ್ಲಾ ಅವರ ಮಕ್ಕಳು. ತೋಟದೊಳಗಿನ ಲೈನುಮನೆಗಳಲ್ಲೇ ಹುಟ್ಟಿ ಬೆಳೆದವರು. 2013ರಲ್ಲಿ ಅಲ್ಲಿನ ನ್ಯಾಯಾಲಯದ ಒಂದು ತೀರ್ಪು, ಅದೇ ನೆಲದಲ್ಲಿ ಹುಟ್ಟಿದ ಹೈಟಿ ಮೂಲದ ಸಾವಿರಾರು ಜನರ ಪೌರತ್ವವನ್ನೇ ಕಿತ್ತುಕೊಂಡಿತು. ಕಬ್ಬು ಕಡಿಯೋಕೆ ಬೇಕು, ದೇಶದ ಲೆಕ್ಕಕ್ಕೆ ಬೇಡ.

ಟ್ರಿನಿಡಾಡಿನ ಸರ್ಕಾರಿ ಸಕ್ಕರೆ ಕಂಪನಿ ಕರೋನಿ 2003ರಲ್ಲಿ ಬಾಗಿಲು ಹಾಕಿತು. ಸುಮಾರು 9,000 ಜನರ ಕೆಲಸ ಹೋಯಿತು. "ನಿಮ್ಮಪ್ಪನಿಗೆ ಬೇಜಾರಾಯ್ತಾ?" ಅಂತ ಕೇಳಿದೆ. "ಕೂಲಿ ಹೋಯ್ತು ಅಂತ ಅತ್ತರು. ಮಚ್ಚು ಹೋಯ್ತು ಅಂತ ಅಳಲಿಲ್ಲ" ಅಂದರು. ನೆನಪು ಅಂದರೆ ಇದು ಸ್ವಾಮಿ. ಎರಡನ್ನೂ ಹೇಳಬೇಕು.

ಈಗ ನನ್ನ ಬಾಕಿ. ನಮ್ಮೂರಿಗೆ ಕಟಾವಿಗೆ ಬರ್ತಿದ್ದವರು ಬಳ್ಳಾರಿ ಕಡೆಯವರು. ಕೆರೆ ಏರಿ ಕೆಳಗೆ ಟಾರ್ಪಾಲಿನ ಗುಡಿಸಲು ಹಾಕೋರು. ಅಲ್ಲೊಬ್ಬಳು ಹುಡುಗಿ, ನನ್ನಷ್ಟೇ ವಯಸ್ಸು. ನಾನು ಬ್ಯಾಗು ಹಾಕಿಕೊಂಡು ಸ್ಕೂಲಿಗೆ ಹೋಗುವಾಗ ಅವಳು ಸೋಗೆ ಹೊರೆ ಹೊತ್ತು ಎದುರು ಬರೋಳು. ಮೂರು ಸುಗ್ಗಿ ನೋಡಿದ್ದೀನಿ. ಒಂದಿನ ಗಾಡಿಯಿಂದ ಎಳೆಯೋಕೆ ಆಗದೆ ನಿಂತಿದ್ದ ನನಗೆ ತನ್ನ ಹೊರೆಯಿಂದಲೇ ಒಂದು ಜಲ್ಲೆ ಮುರಿದು ಕೊಟ್ಟಿದ್ದಳು. ಅವಳ ಹೆಸರು ಕೇಳಲಿಲ್ಲ. ನ್ಯೂಸ್‌ಲೆಟರಿನಲ್ಲಿ ಆ ಜಲ್ಲೆಯ ಸಿಹಿ ಬರೆದೆ, ಅವಳನ್ನ ಬಿಟ್ಟೆ. ಮರೆತು ಬಿಟ್ಟಿದ್ದಲ್ಲ. ಬರೆದರೆ ಪುಟದ ಖುಷಿ ಕೆಡುತ್ತೆ ಅಂತ ಬಿಟ್ಟಿದ್ದು.

ಹಳ್ಳಿಯಿಂದ ಬಂದ ನಮ್ಮಂಥವರು ಪೇಟೆಯವರಿಗೆ ಊರಿನ ಸಿಹಿ ಮಾತ್ರ ಮಾರ್ತಾ ಬಂದಿದ್ದೀವಿ. ಕೊಳ್ಳೋರಿಗೂ ಅದೇ ಬೇಕು, ಮಾರೋರಿಗೂ ಅದೇ ಲಾಭ. ಮುಂದಿನ ಸಂಕ್ರಾಂತಿಗೆ ನಿಮ್ಮ ಆಫೀಸಲ್ಲಿ ಯಾರಾದರೂ ಕಬ್ಬಿನ ನೆನಪು ಬಿಚ್ಚಿದರೆ ಖುಷಿಯಾಗಿ ಕೇಳಿ. ಕೇಳಿ ಆದಮೇಲೆ ಟೊರಾಂಟೋದವರು ನನ್ನ ಕೇಳಿದ ಆ ಒಂದು ಪ್ರಶ್ನೆ ಕೇಳಿಬಿಡಿ. ಬೇಜಾರಾದರೆ ಆಗಲಿ.