ಜೈಕಾರ ಹಾಕಿದ್ದು ಸಾಕು, ಇನ್ನು ಲೆಕ್ಕ ಕೇಳೋಣ

ಉರಿ ಅಂದರೆ ನಮ್ಮೂರ ಹುಡುಗರಿಗೆ ನೆನಪಾಗುವುದು ಸಿನಿಮಾ. 2019ರಲ್ಲಿ ಬಂದ ಆ ಚಿತ್ರದ ಡೈಲಾಗ್ ಇವತ್ತಿಗೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ಓಡುತ್ತದೆ. ಆದರೆ ಉರಿಯಲ್ಲಿ ನಮ್ಮ ಯೋಧರು ಹೇಗೆ ಸತ್ತರು ಎಂದು ಕೇಳಿ ನೋಡಿ, ಹೇಳುವವರು ಕಡಿಮೆ.

2016ರ ಸೆಪ್ಟೆಂಬರ್ 18, ನಸುಕಿನ ಹೊತ್ತು. ಕಾಶ್ಮೀರದ ಗಡಿ ನಿಯಂತ್ರಣ ರೇಖೆಗೆ ಹತ್ತಿರವಿರುವ ಉರಿ ಸೇನಾ ನೆಲೆಗೆ ನಾಲ್ವರು ಉಗ್ರರು ನುಗ್ಗಿದರು. ಆಗ ಅಲ್ಲಿ 10 ಡೋಗ್ರಾ ಪಡೆ ಹೊರಟು 6 ಬಿಹಾರ್ ಪಡೆ ಬರುವ ಸಮಯ. ಹೊಸದಾಗಿ ಬಂದವರು ಮಲಗಿದ್ದು ಟೆಂಟ್‌ಗಳಲ್ಲಿ. ಟೆಂಟ್‌ಗಳಿಗೆ ಬೆಂಕಿ ಬಿತ್ತು. ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡವರೂ ಸೇರಿ 19 ಯೋಧರು ಹೋದರು. ಅವರಲ್ಲಿ ಹೆಚ್ಚಿನವರನ್ನು ತೆಗೆದುಕೊಂಡದ್ದು ಗುಂಡಲ್ಲ, ಬೆಂಕಿ.

ಕೊಂದವರು ಉಗ್ರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಲಿ ಭದ್ರ ಮಾಡುವ ಕೆಲಸ ಉಗ್ರರದ್ದಲ್ಲ.

ಅದೇ ವರ್ಷ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿಯಾಗಿತ್ತು. ನೆಲೆಗಳ ಭದ್ರತೆ ನೋಡಲು ನಿವೃತ್ತ ಲೆಫ್ಟಿನೆಂಟ್ ಜನರಲ್ ಫಿಲಿಪ್ ಕ್ಯಾಂಪೋಸ್ ನೇತೃತ್ವದಲ್ಲಿ ಸಮಿತಿ ಮಾಡಿದರು. ಸಮಿತಿ ಮೇ ತಿಂಗಳಲ್ಲೇ ವರದಿ ಕೊಟ್ಟಿತು. ಉರಿ ದಾಳಿ ನಡೆದದ್ದು ಅದಾದ ನಾಲ್ಕು ತಿಂಗಳಿಗೆ. ಎಲ್ಲೋ ತಪ್ಪಾಗಿದೆ ಎಂದು ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಅವರೇ ಒಪ್ಪಿದರು. ಬ್ರಿಗೇಡ್ ಕಮಾಂಡರ್ ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಿದರು. ಅಷ್ಟಕ್ಕೆ ಮುಗಿಯಿತೇ?

ಮುಗಿಯಲಿಲ್ಲ. ನವೆಂಬರ್ 29ಕ್ಕೆ ಜಮ್ಮು ಬಳಿಯ ನಗ್ರೋಟಾದಲ್ಲಿ ಉಗ್ರರು ಪೊಲೀಸ್ ಸಮವಸ್ತ್ರ ತೊಟ್ಟು ನುಗ್ಗಿದರು. ಏಳು ಮಂದಿ ಸತ್ತರು. ಅವರಲ್ಲಿ ಬೆಂಗಳೂರಿನ ಮೇಜರ್ ಅಕ್ಷಯ್ ಗಿರೀಶ್ ಕುಮಾರ್ ಒಬ್ಬರು. 2018ರ ಫೆಬ್ರವರಿಯಲ್ಲಿ ಜಮ್ಮುವಿನ ಸುಂಜುವಾನ್ ನೆಲೆಯ ಸರದಿ. ನೆಲೆಗಳ ಬೇಲಿ ಭದ್ರಪಡಿಸಲು ಸುಮಾರು 1,500 ಕೋಟಿ ರೂಪಾಯಿ ಖರ್ಚಿಗೆ ಒಪ್ಪಿಗೆ ಸಿಕ್ಕ ಸುದ್ದಿ ಬಂದದ್ದು ಆಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

ಇದನ್ನು ಕೇಳಿದರೆ ದೇಶದ್ರೋಹಿ ಅನ್ನುತ್ತಾರೆ. ಸರ್ಜಿಕಲ್ ಸ್ಟ್ರೈಕ್ ಮಾಡಲಿಲ್ಲವೇ ಅನ್ನುತ್ತಾರೆ. ಮಾಡಿದರು, ಸರಿ. ಸೇಡು ತೀರಿಸಿಕೊಂಡದ್ದು ಒಂದು ಲೆಕ್ಕ, ಮಲಗಿದ್ದವನನ್ನು ಕಾಯದೇ ಇದ್ದದ್ದು ಇನ್ನೊಂದು ಲೆಕ್ಕ. ಒಂದರಿಂದ ಇನ್ನೊಂದು ಚುಕ್ತಾ ಆಗುವುದಿಲ್ಲ.

ತಪ್ಪು ನಮ್ಮದೂ ಇದೆ. ಯೋಧನ ಶವ ಊರಿಗೆ ಬಂದರೆ ತಾಯಿ ಅಳುವ ಬೈಟ್ ಬೇಕು ಅಂತ ಡೆಸ್ಕ್‌ನಿಂದ ಫೋನ್ ಬರುತ್ತದೆ. ನಾವು ಮೈಕ್ ಹಿಡಿದು ಓಡುತ್ತೇವೆ. ಹಾರ ಹಾಕಲು ಬಂದ ಜನಪ್ರತಿನಿಧಿಯ ಮುಂದೆ ಅದೇ ಮೈಕ್ ಹಿಡಿದು, ವರದಿ ಏನಾಯಿತು ಸ್ವಾಮಿ ಎಂದು ನಾವು ಕೇಳಿಲ್ಲ.

ಸೈನ್ಯಕ್ಕೆ ಹೋಗುವವರು ನಮ್ಮಂಥ ಹಳ್ಳಿಯ ಮಕ್ಕಳೇ. ಮುಂದಿನ ಸಲ ನಿಮ್ಮ ಸಂಸದರು ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ನಮ್ಮ ಹುಡುಗ ಮಲಗುವ ಜಾಗ ಭದ್ರವಾಗಿದೆಯೇ? ನಾವೂ ಮೈಕ್ ಹಿಡಿದು ಪಕ್ಕದಲ್ಲೇ ನಿಂತಿರುತ್ತೇವೆ.